ಕಣದಂಗಗಳನ್ನು ಕಣ್ಣಾರೆ ನೋಡಲು: ಯಾವುದಕ್ಕೆ ಯಾವ ಕೋಶ, ಯಾವ ಬಣ್ಣ, ಎಷ್ಟು ಹೊತ್ತು

ಪಠ್ಯಪುಸ್ತಕದ ಜೀವಕೋಶದ ಚಿತ್ರದಲ್ಲಿ ಕೋಶಕೇಂದ್ರ, ಮೈಟೊಕಾಂಡ್ರಿಯಾ, ಗಾಲ್ಗಿ, ಕ್ಲೋರೋಪ್ಲಾಸ್ಟ್ ಎಂಬ ಕಣದಂಗಗಳು, ಅಂದರೆ ಕೋಶದೊಳಗಿನ ಪುಟ್ಟ ಅಂಗಗಳು, ಎಲ್ಲವೂ ಒಂದೇ ಚೌಕಟ್ಟಿನೊಳಗೆ ಬಣ್ಣಬಣ್ಣವಾಗಿ ಕೂತಿರುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಅಂಥ ಕೋಶ ಎಂದೂ ಸಿಗುವುದಿಲ್ಲ. ಈರುಳ್ಳಿ ಪೊರೆಯಲ್ಲಿ ಕ್ಲೋರೋಪ್ಲಾಸ್ಟ್ ಇಲ್ಲ. ಕೆನ್ನೆಯ ಒಳಪದರದ ಕೋಶದಲ್ಲಿ ದೊಡ್ಡ ರಸದಾನಿ (ರಸ ತುಂಬಿದ ಚೀಲ, ವ್ಯಾಕ್ಯುಯೋಲ್) ಇಲ್ಲ. ನಮ್ಮ ಬಲಿತ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವೂ ಇಲ್ಲ, ಮೈಟೊಕಾಂಡ್ರಿಯಾವೂ ಇಲ್ಲ. ಯಾವ ಕೋಶಕ್ಕೆ ಯಾವ ಕೆಲಸ ಹೆಚ್ಚೋ ಆ ಕೆಲಸದ ಕಣದಂಗ ಅಲ್ಲಿ ಹೆಚ್ಚು. ಹಾಗಾಗಿ ನೋಡಬೇಕಾದ ಕಣದಂಗವನ್ನು ಮೊದಲು ತೀರ್ಮಾನಿಸಿ, ಅದಕ್ಕೆ ತಕ್ಕ ಕೋಶವನ್ನು ಆಮೇಲೆ ಹುಡುಕಬೇಕು.

ಹೈಸ್ಕೂಲು, ಪಿಯುಸಿ, ಬಿಎಸ್ಸಿ ಪ್ರಯೋಗಾಲಯಗಳಲ್ಲಿರುವ ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ ಸಾಕು. 4, 10, 40 ಪಟ್ಟಿನ ಆಬ್ಜೆಕ್ಟಿವ್, ಅಂದರೆ ಸ್ಲೈಡಿನ ಕಡೆಯ ಮಸೂರಗಳು, ಎಲ್ಲದರಲ್ಲೂ ಇರುತ್ತವೆ. ಮೈಟೊಕಾಂಡ್ರಿಯಾಗೆ ಮಾತ್ರ ಎಣ್ಣೆ ಹಾಕಿ ನೋಡುವ 100 ಪಟ್ಟಿನದು ಬೇಕು.

ಮೊದಲು ಸೂಕ್ಷ್ಮದರ್ಶಕದ ಮಿತಿ ಅರಿಯಿರಿ

ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದಕ್ಕಿಂತ, ಎಷ್ಟು ಹತ್ತಿರದ ಎರಡು ಚುಕ್ಕೆಗಳು ಬೇರೆ ಬೇರೆಯಾಗಿ ಕಾಣುತ್ತವೆ ಎಂಬುದು ಮುಖ್ಯ. ಆಬ್ಜೆಕ್ಟಿವ್ ಮೇಲೆ 40/0.65 ಎಂದು ಕೆತ್ತಿದ್ದರೆ ಅದರಲ್ಲಿ 0.65 ಎಂಬುದೇ ಆ ಶಕ್ತಿಯ ಅಳತೆ. ಹಸಿರು ಬೆಳಕಿನಲ್ಲಿ ಅದು ಸುಮಾರು 0.5 ಮೈಕ್ರೋಮೀಟರ್ ಅಂತರವನ್ನು ಬಿಡಿಸಿ ತೋರಿಸುತ್ತದೆ. 100/1.25 ಎಂದಿರುವುದು ಎಣ್ಣೆಯೊಂದಿಗೆ ಸುಮಾರು 0.27 ಮೈಕ್ರೋಮೀಟರ್‌ವರೆಗೆ ಹೋಗುತ್ತದೆ. ಬೆಳಕಿನ ಸೂಕ್ಷ್ಮದರ್ಶಕದ ಕೊನೆಯ ಗಡಿಯೇ ಸುಮಾರು 0.2 ಮೈಕ್ರೋಮೀಟರ್. ಮೊಬೈಲಿನಲ್ಲಿ ಫೋಟೋ ತೆಗೆದು ಎಷ್ಟು ಹಿಗ್ಗಿಸಿದರೂ ಈ ಗಡಿ ದಾಟಲಾಗದು, ಮಸುಕು ದೊಡ್ಡದಾಗುತ್ತದೆ ಅಷ್ಟೆ.

ಈ ಗಡಿಯ ಪಕ್ಕ ಕಣದಂಗಗಳ ಗಾತ್ರ ಇಟ್ಟು ನೋಡಿ. ಕೋಶಕೇಂದ್ರ ಸಾಮಾನ್ಯವಾಗಿ 5ರಿಂದ 20 ಮೈಕ್ರೋಮೀಟರ್, ಸುಲಭ. ಕ್ಲೋರೋಪ್ಲಾಸ್ಟ್ ಉದ್ದ 5ರಿಂದ 10, ಅದೂ ಸುಲಭ. ಮೈಟೊಕಾಂಡ್ರಿಯಾದ ದಪ್ಪ ಅರ್ಧದಿಂದ ಒಂದು ಮೈಕ್ರೋಮೀಟರ್, ಬಣ್ಣ ಹಾಕಿದರೆ ಕಷ್ಟಪಟ್ಟು ಕಾಣುತ್ತದೆ. ಪ್ರೋಟೀನು ಕಟ್ಟುವ ರೈಬೋಸೋಮ್ ಕೇವಲ 25ರಿಂದ 30 ನ್ಯಾನೋಮೀಟರ್ (ಒಂದು ಮೈಕ್ರೋಮೀಟರ್‌ಗೆ ಸಾವಿರ ನ್ಯಾನೋಮೀಟರ್), ಎಂದರೆ ಗಡಿಗಿಂತ ಏಳೆಂಟು ಪಟ್ಟು ಚಿಕ್ಕದು. ಅದನ್ನು ಒಂದೊಂದಾಗಿ ಈ ಯಂತ್ರದಲ್ಲಿ ನೋಡಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅಳತೆಗೆ ಒಂದು ಸರಳ ಉಪಾಯವಿದೆ. ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು 4 ಪಟ್ಟಿನ ಆಬ್ಜೆಕ್ಟಿವ್ ಕೆಳಗಿಟ್ಟು, ಕಾಣುವ ವೃತ್ತದ ವ್ಯಾಸ ಎಷ್ಟು ಮಿ.ಮೀ. ಎಂದು ಎಣಿಸಿ. ಸಾಮಾನ್ಯವಾಗಿ 4.5 ಮಿ.ಮೀ. ಸುತ್ತಮುತ್ತ ಬರುತ್ತದೆ. ಆಗ 10 ಪಟ್ಟಿನಲ್ಲಿ ವ್ಯಾಸ 1.8 ಮಿ.ಮೀ., 40 ಪಟ್ಟಿನಲ್ಲಿ 0.45 ಮಿ.ಮೀ., ಎಂದರೆ 450 ಮೈಕ್ರೋಮೀಟರ್. ಈ ಮೂರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಸೂಕ್ಷ್ಮದರ್ಶಕದ ಬುಡಕ್ಕೇ ಅಂಟಿಸಿಬಿಡಿ. 10 ಪಟ್ಟಿನಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಆರು ಈರುಳ್ಳಿ ಕೋಶಗಳು ಉದ್ದುದ್ದ ಹಿಡಿದರೆ ಒಂದೊಂದರ ಉದ್ದ ಸುಮಾರು 300 ಮೈಕ್ರೋಮೀಟರ್ ಎಂದು ಕೂತಲ್ಲೇ ಹೇಳಬಹುದು.

ಇನ್ನೊಂದು ಮಾತು ಸ್ಲೈಡಿಗೆ ಬೆಳಕು ಕೂಡಿಸುವ ಕಂಡೆನ್ಸರ್‌ನ ಕೆಳಗಿರುವ, ಬೆಳಕಿನ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಐರಿಸ್ ಡಯಾಫ್ರಂ ಬಗ್ಗೆ. ‘ಏನೂ ಕಾಣುತ್ತಿಲ್ಲ’ ಎಂಬ ದೂರುಗಳಲ್ಲಿ ಬಹುಪಾಲು ಇಲ್ಲಿಯವು. ಬಣ್ಣ ಹಾಕದ ಜೀವಂತ ಕೋಶ ಗಾಜಿನಷ್ಟೇ ಪಾರದರ್ಶಕ. ಐರಿಸ್ ಪೂರ್ತಿ ತೆರೆದಿದ್ದರೆ ಬೆಳಕಿನಲ್ಲಿ ಎಲ್ಲವೂ ತೊಳೆದುಹೋಗುತ್ತದೆ. ಬಣ್ಣವಿಲ್ಲದ್ದಕ್ಕೆ ಮೂರರಲ್ಲಿ ಎರಡು ಪಾಲು ಮುಚ್ಚಿ. ಬಣ್ಣ ಹಾಕಿದ್ದಕ್ಕೆ ತೆರೆಯಿರಿ, ಏಕೆಂದರೆ ತೀರಾ ಮುಚ್ಚಿದರೆ ಬಿಡಿಸಿ ತೋರಿಸುವ ಶಕ್ತಿ ಕುಗ್ಗುತ್ತದೆ.

ಕೋಶಕೇಂದ್ರಕ್ಕೆ ಈರುಳ್ಳಿ

ಹೊರಗಿನ ಒಣಸಿಪ್ಪೆ ತೆಗೆದು, ಮೂರನೆಯ ಅಥವಾ ನಾಲ್ಕನೆಯ ಎಸಳನ್ನು ತೆಗೆದುಕೊಳ್ಳಿ. ಎಸಳಿನ ಒಳಮುಖದಲ್ಲಿ, ಅಂದರೆ ಗುಳಿಯಿರುವ ಬದಿಯಲ್ಲಿ, ಬ್ಲೇಡಿನಿಂದ 5 ಮಿ.ಮೀ. ಅಳತೆಯ ಚೌಕ ಗೀರಿ. ಫೋರ್ಸೆಪ್ಸ್‌ನಿಂದ ಒಂದು ಮೂಲೆ ಹಿಡಿದು ಎಳೆದರೆ ತೆಳು ಪೊರೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಅದು ಒಂದೇ ಕೋಶದಷ್ಟು ದಪ್ಪದ ಹಾಳೆ. ತಕ್ಷಣ ಸ್ಲೈಡಿನ ಮೇಲಿನ ನೀರಿನ ಹನಿಗೆ ಹಾಕಿ. ಗಾಳಿಯಲ್ಲಿ ಅರ್ಧ ನಿಮಿಷ ಬಿಟ್ಟರೂ ಅದು ಸುರುಳಿ ಸುತ್ತಿಕೊಳ್ಳುತ್ತದೆ, ಆಮೇಲೆ ಬಿಡಿಸುವಾಗ ಹರಿಯುತ್ತದೆ. ಕವರ್‌ಸ್ಲಿಪ್‌ನ ಒಂದು ಅಂಚನ್ನು ನೀರಿಗೆ ತಾಗಿಸಿ, ಸೂಜಿಯ ಆಸರೆಯಲ್ಲಿ ನಿಧಾನಕ್ಕೆ ಇಳಿಸಿ. ಒಮ್ಮೆಲೇ ಬೀಳಿಸಿದರೆ ಗಾಳಿಗುಳ್ಳೆ ಸೇರುತ್ತದೆ. ದಪ್ಪ ಕಪ್ಪಂಚಿನ ಅಚ್ಚುಕಟ್ಟಾದ ಗುಂಡು ಕಂಡರೆ ಅದು ಗುಳ್ಳೆ, ಕೋಶವಲ್ಲ.

ಬಣ್ಣ ಹಾಕಲು ಅವಸರ ಬೇಡ. ಮೊದಲು ನೀರಿನಲ್ಲೇ, ಐರಿಸ್ ಮುಚ್ಚಿ, 40 ಪಟ್ಟಿನಲ್ಲಿ ನೋಡಿ. ಮಸುಕಾದ ಬೂದು ತಟ್ಟೆಯೊಂದು ಕೋಶದ ಗೋಡೆಗೆ ಒತ್ತಿಕೊಂಡಿರುತ್ತದೆ. ಕೆಲವು ಕೋಶಗಳಲ್ಲಿ ಅದು ಗುಂಡಗೆ, ಇನ್ನು ಕೆಲವದರಲ್ಲಿ ಚಪ್ಪಟೆ ಮಸೂರದ ಹಾಗೆ ಕಾಣುತ್ತದೆ. ಆಕಾರ ಒಂದೇ, ಒಂದನ್ನು ಎದುರಿನಿಂದ, ಇನ್ನೊಂದನ್ನು ಅಂಚಿನಿಂದ ನೋಡುತ್ತಿದ್ದೀರಿ. ಕೋಶಕೇಂದ್ರ ನಡುವಿನಲ್ಲಿರಬೇಕಲ್ಲವೇ ಎಂಬ ಗೊಂದಲ ಇಲ್ಲಿ ಬರುವುದು ಸಹಜ. ಈರುಳ್ಳಿ ಕೋಶದ ಒಳಜಾಗವನ್ನು ಬಹುಪಾಲು ರಸದಾನಿಯೇ ತುಂಬಿಕೊಂಡಿದೆ, ಕೋಶದ್ರವ್ಯ ಗೋಡೆಗಂಟಿದ ತೆಳು ಪದರವಷ್ಟೆ, ಕೋಶಕೇಂದ್ರ ಇರುವುದು ಆ ಪದರದಲ್ಲಿ.

ಈಗ ಬಣ್ಣ. ಕವರ್‌ಸ್ಲಿಪ್‌ನ ಒಂದು ಬದಿಗೆ ಅಯೋಡಿನ್ ದ್ರಾವಣದ ಒಂದು ಹನಿ ಇಟ್ಟು, ಎದುರು ಬದಿಯಲ್ಲಿ ಫಿಲ್ಟರ್ ಕಾಗದದ ತುಂಡು ತಾಗಿಸಿ. ಕಾಗದ ನೀರು ಹೀರಿದಂತೆ ಬಣ್ಣ ಒಳಗೆ ಹರಿಯುತ್ತದೆ. ದ್ರಾವಣ ತಯಾರಿಸಲು 100 ಮಿ.ಲೀ. ನೀರಿಗೆ 2 ಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಮೊದಲು ಕರಗಿಸಿ, ಆಮೇಲೆ 1 ಗ್ರಾಂ ಅಯೋಡಿನ್ ಹಾಕಿ. ಕ್ರಮ ತಪ್ಪಿದರೆ ಅಯೋಡಿನ್ ಕರಗದೆ ತಳದಲ್ಲೇ ಕೂರುತ್ತದೆ. ಇದು ಸಿಗದಿದ್ದರೆ ಔಷಧ ಅಂಗಡಿಯ ಪೊವಿಡೋನ್ ಅಯೋಡಿನ್ ದ್ರಾವಣ ಒಂದು ಭಾಗಕ್ಕೆ ನಾಲ್ಕೈದು ಭಾಗ ನೀರು ಬೆರೆಸಿದರೂ ನಡೆಯುತ್ತದೆ. ಎರಡು ನಿಮಿಷದಲ್ಲಿ ಕೋಶಕೇಂದ್ರ ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಸ್ಯಾಫ್ರನಿನ್ ಆದರೆ ಶೇ. 0.5ರ ದ್ರಾವಣದಲ್ಲಿ ಒಂದು ನಿಮಿಷ ಬಿಟ್ಟು ನೀರಿನಲ್ಲಿ ತೊಳೆಯಬೇಕು. ತೊಳೆಯದೆ ಬಿಟ್ಟರೆ ಗೋಡೆಗಳೂ ಕೆಂಪಾಗಿ ಎಲ್ಲವೂ ಕಲಸಿಹೋಗುತ್ತದೆ.

ಕೋಶಕೇಂದ್ರದೊಳಗೆ ಇನ್ನೂ ಗಾಢವಾದ ಒಂದೆರಡು ಚುಕ್ಕೆಗಳು ಕಂಡರೆ ಅವೇ ನ್ಯೂಕ್ಲಿಯೋಲಸ್. ರೈಬೋಸೋಮಿನ ಎರಡು ತುಂಡುಗಳು ಜೋಡಣೆಯಾಗುವ ಜಾಗ ಅದು. ಅಲ್ಲಿಂದ ಹೊರಬರುವ ತುಂಡುಗಳು ಕೋಶಕೇಂದ್ರದ ಎರಡು ಪದರದ ಪೊರೆಯಲ್ಲಿರುವ ರಂಧ್ರಗಳ ಮೂಲಕ ಕೋಶದ್ರವ್ಯ ಸೇರುತ್ತವೆ. ರಂಧ್ರಗಳ ಅಗಲ ಸುಮಾರು 0.1 ಮೈಕ್ರೋಮೀಟರ್, ಆದ್ದರಿಂದ ಇಲ್ಲಿ ಕಾಣುವುದಿಲ್ಲ. ಕೋಶಕೇಂದ್ರಕ್ಕೆ ಹೆಸರಿಟ್ಟ ರಾಬರ್ಟ್ ಬ್ರೌನ್ 1831ರಲ್ಲಿ ಅದನ್ನು ಗುರುತಿಸಿದ್ದು ಆರ್ಕಿಡ್ ಗಿಡದ ಕೋಶಗಳಲ್ಲಿ, ನೀವು ಈಗ ಬಳಸುತ್ತಿರುವುದಕ್ಕಿಂತ ಸರಳವಾದ ಮಸೂರದಿಂದ.

ಪ್ರಾಣಿಕೋಶ ಬೇಕಿದ್ದರೆ ಕೆನ್ನೆಯ ಒಳಬದಿಯನ್ನು ಹತ್ತಿಯ ಬಡ್‌ನಿಂದ ಮೃದುವಾಗಿ ಸವರಿ. ಶೇ. 0.9ರ ಉಪ್ಪುನೀರಿನ ಹನಿಯಲ್ಲಿ ಹರಡಿ, ಶೇ. 0.1ರ ಮೆಥಿಲೀನ್ ಬ್ಲೂ ಒಂದು ಹನಿ ಹಾಕಿ. ಬರಿ ನೀರು ಹಾಕಿದರೆ ಕೋಶಗಳು ಉಬ್ಬಿ ಆಕಾರ ಕೆಡುತ್ತವೆ. ಒಬ್ಬರ ಬಡ್ ಇನ್ನೊಬ್ಬರು ಮುಟ್ಟಬಾರದು. ಕೆಲಸ ಮುಗಿದ ಮೇಲೆ ಸ್ಲೈಡ್, ಬಡ್ ಎರಡೂ ಬ್ಲೀಚ್ ನೀರಿಗೆ.

ಕ್ಲೋರೋಪ್ಲಾಸ್ಟ್: ಹೈಡ್ರಿಲ್ಲಾ, ಹಾವಸೆ

ಕೆರೆಯಲ್ಲೂ ಅಕ್ವೇರಿಯಂ ಅಂಗಡಿಯಲ್ಲೂ ಸಿಗುವ ಹೈಡ್ರಿಲ್ಲಾದ ಎಲೆ ಬಹುಪಾಲು ಎರಡೇ ಕೋಶದಷ್ಟು ದಪ್ಪ. ಕತ್ತರಿಸುವ ಕೆಲಸವೇ ಇಲ್ಲ. ತುದಿಯ ಹತ್ತಿರದ ಎಳೆಯ ಎಲೆಯೊಂದನ್ನು ಕಿತ್ತು, ನೀರಿನಲ್ಲಿ ಇಡಿಯಾಗಿ ಹಾಕಿ ಕವರ್‌ಸ್ಲಿಪ್ ಮುಚ್ಚಿ. ಬುಡದ ಹಳೆಯ ಎಲೆಗಳ ಮೇಲೆ ಪಾಚಿ ಮತ್ತು ಸುಣ್ಣದ ಪದರ ಕೂತಿರುತ್ತದೆ, ಅವು ಬೇಡ. ಮಳೆಗಾಲವಾದರೆ ಕಾಂಪೌಂಡ್ ಗೋಡೆಯ ಮೇಲಿನ ಹಾವಸೆ (ಮಾಸ್) ಇನ್ನೂ ಒಳ್ಳೆಯದು. ಅದರ ಎಲೆಯ ಹಾಳೆ ಸಾಮಾನ್ಯವಾಗಿ ಒಂದೇ ಕೋಶದಷ್ಟು ದಪ್ಪ. ಎಳೆಯ ಎಲೆಯಲ್ಲಿ ನಡು ಸಣ್ಣಗಾಗಿ ಡಂಬೆಲ್ ಆಕಾರ ತಾಳಿದ ಕ್ಲೋರೋಪ್ಲಾಸ್ಟ್‌ಗಳು ಕಾಣಬಹುದು. ಅವು ಇಬ್ಭಾಗವಾಗುತ್ತಿವೆ. ಕ್ಲೋರೋಪ್ಲಾಸ್ಟ್‌ಗೆ ತನ್ನದೇ ಡಿಎನ್‌ಎ ಇದೆ, ಅದು ಹುಟ್ಟುವುದು ಇನ್ನೊಂದು ಪ್ಲಾಸ್ಟಿಡ್ (ಕ್ಲೋರೋಪ್ಲಾಸ್ಟ್ ಸೇರಿರುವ ಕಣದಂಗಗಳ ಬಳಗ) ಒಡೆದೇ ಹೊರತು ಕೋಶ ಅದನ್ನು ಹೊಸದಾಗಿ ಕಟ್ಟಲಾರದು.

ಹೈಡ್ರಿಲ್ಲಾದಲ್ಲಿ ನೋಡಬೇಕಾದದ್ದು ಚಲನೆ. ಎಲೆಯನ್ನು 25ರಿಂದ 30 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ, ಟೇಬಲ್ ಲ್ಯಾಂಪಿನ ಬೆಳಕಿನಲ್ಲಿ 10ರಿಂದ 15 ನಿಮಿಷ ಇಟ್ಟು, ಆಮೇಲೆ ನಡುನರದ ಉದ್ದ ಕೋಶಗಳನ್ನು 40 ಪಟ್ಟಿನಲ್ಲಿ ನೋಡಿ. ಹಸಿರು ಗುಂಡುಗಳು ಗೋಡೆಯ ಅಂಚು ಹಿಡಿದು ಸಾಲಾಗಿ ಸುತ್ತುತ್ತಿರುತ್ತವೆ. ಅವು ತಾವಾಗಿ ಈಜುತ್ತಿಲ್ಲ. ಆಕ್ಟಿನ್ ಎಳೆಗಳ ಮೇಲೆ ಮಯೋಸಿನ್ ಎಂಬ ಪ್ರೋಟೀನ್ ಕಣದಂಗಗಳನ್ನು ಎಳೆದುಕೊಂಡು ಸಾಗುತ್ತದೆ, ಅದರೊಂದಿಗೆ ಕೋಶದ್ರವ್ಯವೂ ಹರಿಯುತ್ತದೆ. ಇಟಲಿಯ ಬೊನವೆಂತುರಾ ಕೋರ್ತಿ 1774ರಲ್ಲೇ ಈ ಹರಿವನ್ನು ವರ್ಣಿಸಿದ್ದ. ನಡುವಿನ ಖಾಲಿ ಜಾಗಕ್ಕೆ ಒಂದು ಕ್ಲೋರೋಪ್ಲಾಸ್ಟೂ ಏಕೆ ಹೋಗುವುದಿಲ್ಲ ಎಂದು ಯೋಚಿಸಿ: ಅಲ್ಲಿ ರಸದಾನಿ ಇದೆ. ಕಣ್ಣಿಗೆ ಕಾಣದ ಕಣದಂಗವೊಂದರ ಗಡಿಯನ್ನು ಇನ್ನೊಂದು ಗುರುತಿಸಿ ಕೊಡುತ್ತಿದೆ.

ಚಲನೆ ಕಾಣದಿದ್ದರೆ ಮೂರು ಕಾರಣ ಇರಬಹುದು. ನೀರು ತಣ್ಣಗಿದೆ, ಗಿಡ ಫ್ರಿಜ್ಜಿನಿಂದ ಬಂದಿದೆ, ಅಥವಾ ಎಲೆ ಕವರ್‌ಸ್ಲಿಪ್ ಕೆಳಗೆ ಜಜ್ಜಿಹೋಗಿದೆ. ಕ್ಲೋರೋಪ್ಲಾಸ್ಟ್‌ಗಳು ಗುಂಪುಗಟ್ಟಿ ಕಂದಾಗಿದ್ದರೆ ಕೋಶ ಸತ್ತಿದೆ, ಎಲೆ ಬದಲಿಸಿ. ಇನ್ನೊಂದು ಸೂಕ್ಷ್ಮ: ಎಲೆಯನ್ನು ಕೀಳುವುದೇ ಈ ಹರಿವನ್ನು ಚುರುಕುಗೊಳಿಸುತ್ತದೆ. ಆದ್ದರಿಂದ ಸ್ಲೈಡಿನಲ್ಲಿ ಅಳೆದ ವೇಗ ಕೆರೆಯಲ್ಲಿರುವ ಗಿಡದ ವೇಗ ಎಂದು ಬರೆಯಬೇಡಿ.

ಒಳ್ಳೆಯ 100 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಕ್ಲೋರೋಪ್ಲಾಸ್ಟಿನ ಒಳಗೆ ಕಡುಹಸಿರು ಚುಕ್ಕೆಗಳು ತೋರಬಹುದು. ಅವು ಗ್ರಾನಾ, ಥೈಲಕಾಯ್ಡ್ ತಟ್ಟೆಗಳ ಪೇರಿಕೆ. ಬೆಳಕು ಹೀರುವ ಕೆಲಸ ಅಲ್ಲಿ, ಸಕ್ಕರೆ ಕಟ್ಟುವ ಕೆಲಸ ಸುತ್ತಲಿನ ಸ್ಟ್ರೋಮಾದಲ್ಲಿ.

ಪ್ಲಾಸ್ಟಿಡ್‌ಗಳ ಬಳಗದ ಉಳಿದಿಬ್ಬರನ್ನು ಐದೇ ನಿಮಿಷದಲ್ಲಿ ನೋಡಿ ಮುಗಿಸಬಹುದು. ಆಲೂಗಡ್ಡೆಯ ಕತ್ತರಿಸಿದ ಮುಖವನ್ನು ಬ್ಲೇಡಿನಿಂದ ಹೆರೆದು, ಹತ್ತು ಪಟ್ಟು ತೆಳು ಮಾಡಿದ ಅಯೋಡಿನ್ ಹಾಕಿ. ಅಮೈಲೋಪ್ಲಾಸ್ಟ್ ಕೂಡಿಟ್ಟ ಪಿಷ್ಟದ ಕಣಗಳು ನೀಲಿಯಾಗಿ, ಒಂದು ತುದಿಗೆ ಸರಿದ ಕೇಂದ್ರದ ಸುತ್ತ ಪದರ ಪದರವಾಗಿ ಕಾಣುತ್ತವೆ. ಗಟ್ಟಿ ಅಯೋಡಿನ್ ಹಾಕಿದರೆ ಬರಿ ಕಪ್ಪು ಮುದ್ದೆ. ಕೆಂಪು ದಪ್ಪಮೆಣಸಿನಕಾಯಿಯ ತಿರುಳನ್ನು ನೀರಿನಲ್ಲಿ ಹಿಸುಕಿದರೆ ಕಿತ್ತಳೆ ಕೆಂಪಿನ ಕ್ರೋಮೋಪ್ಲಾಸ್ಟ್. ಅರ್ಧ ಹಣ್ಣಾದ ಕಾಯಿಯಲ್ಲಿ ಹಸಿರೂ ಕೆಂಪೂ ಒಟ್ಟಿಗೆ ಸಿಗುತ್ತವೆ, ಏಕೆಂದರೆ ಒಂದು ಇನ್ನೊಂದಾಗಿ ಬದಲಾಗುತ್ತಿದೆ.

ರಸದಾನಿಗೆ ಬಣ್ಣವಿರುವ ಕೋಶವೇ ಬೇಕು

ಬಳ್ಳಾರಿ ಈರುಳ್ಳಿಯ ನೇರಳೆ ಎಸಳಿನ ಹೊರಮುಖ, ಅಥವಾ ತೋಟಗಳಲ್ಲಿ ಅಂಚಿಗೆ ನೆಡುವ ರಿಯೋ ಗಿಡದ ಎಲೆಯ ನೇರಳೆ ತಳಭಾಗ ಇದಕ್ಕೆ ಸೂಕ್ತ. ಎರಡರಲ್ಲೂ ಆಂಥೋಸಯನಿನ್ ಬಣ್ಣ ರಸದಾನಿಯೊಳಗೆ ಕರಗಿದೆ. ರಿಯೋ ಎಲೆಯನ್ನು ಅಡ್ಡಕ್ಕೆ ಮುರಿದು ಓರೆಯಾಗಿ ಎಳೆದರೆ ತಳದ ಪೊರೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ.

17 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಒಟ್ಟು 100 ಮಿ.ಲೀ. ಆಗುವಷ್ಟು ನೀರು ಸೇರಿಸಿ. ಇದು ಹೆಚ್ಚುಕಡಿಮೆ ಅರ್ಧ ಮೋಲಾರ್ ದ್ರಾವಣ. 100 ಮಿ.ಲೀ. ನೀರಿಗೆ 17 ಗ್ರಾಂ ಹಾಕುವುದು ಬೇರೆ, ಹಾಗೆ ಮಾಡಿದರೆ ದ್ರಾವಣ ತೆಳುವಾಗುತ್ತದೆ. ಪೊರೆಯನ್ನು ಮೊದಲು ನೀರಿನಲ್ಲಿ ನೋಡಿ, ಅದೇ ಜಾಗ ಅಲ್ಲಾಡದಂತೆ ಇಟ್ಟು, ಫಿಲ್ಟರ್ ಕಾಗದದ ಉಪಾಯದಿಂದ ಸಕ್ಕರೆ ದ್ರಾವಣ ಎರಡು ಮೂರು ಸಲ ಹರಿಸಿ. ಐದು ನಿಮಿಷದೊಳಗೆ ಬಣ್ಣ ಮೂಲೆಗಳಿಂದ ಹಿಂದೆ ಸರಿಯತೊಡಗುತ್ತದೆ. ರಸದಾನಿಯ ನೀರು ಹೊರಹೋಗಿ ಅದು ಕುಗ್ಗಿದಂತೆ ನೇರಳೆ ಗಾಢವಾಗುತ್ತದೆ, ಕೋಶಪೊರೆ ಗೋಡೆ ಬಿಟ್ಟು ಒಳಸರಿಯುತ್ತದೆ. ಇದೇ ಪ್ಲಾಸ್ಮಾಲಿಸಿಸ್.

ಗೋಡೆಗೂ ಪೊರೆಗೂ ನಡುವೆ ತೆರೆದುಕೊಂಡ ಜಾಗದಲ್ಲಿ ಏನಿದೆ? ‘ಖಾಲಿ’ ಎಂದು ಬರೆದರೆ ತಪ್ಪು. ಅಲ್ಲಿ ಸಕ್ಕರೆ ದ್ರಾವಣವೇ ತುಂಬಿದೆ, ಕೋಶಭಿತ್ತಿ ಅದನ್ನು ತಡೆಯುವುದಿಲ್ಲ, ತಡೆಯುವುದು ಪೊರೆ. ಈಗ ನೀರು ಹರಿಸಿ. ಬಣ್ಣ ಮತ್ತೆ ಹಿಗ್ಗಿ ಗೋಡೆ ಮುಟ್ಟಿದರೆ ಕೋಶ ಜೀವಂತ. ಹಿಗ್ಗದಿದ್ದರೆ ಪೊರೆ ಒಡೆದಿದೆ. ಉಪ್ಪಿನ ಗಟ್ಟಿ ದ್ರಾವಣ ಬಳಸಿದಾಗ, ಹೆಚ್ಚು ಹೊತ್ತು ಬಿಟ್ಟಾಗ ಹೀಗಾಗುತ್ತದೆ. ಹೋಲಿಕೆಗೆ ಇನ್ನೊಂದು ತುಂಡನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ ನೋಡಿ. ಬಣ್ಣ ನೀರಿಗೆ ಸೋರುತ್ತದೆ, ಸಕ್ಕರೆ ಹಾಕಿದರೆ ಏನೂ ಆಗುವುದಿಲ್ಲ. ಸೊಪ್ಪಿಗೆ ನೀರು ಚಿಮುಕಿಸಿದಾಗ ಅದು ಸೆಟೆದು ನಿಲ್ಲುವುದೂ ಈ ರಸದಾನಿ ಗೋಡೆಯನ್ನು ಒಳಗಿನಿಂದ ಒತ್ತುವುದರಿಂದಲೇ.

ಮೈಟೊಕಾಂಡ್ರಿಯಾ: ತಾಳ್ಮೆ ಬೇಡುವ ಸ್ಲೈಡ್

ಇದಕ್ಕೆ ಕೆನ್ನೆಯ ಕೋಶ ಬಳಸುವ ರೂಢಿ ಹಲವೆಡೆ ಇದೆ. ಬೇಡ ಎಂಬುದು ನಮ್ಮ ಸಲಹೆ. ಸವರಿದಾಗ ಬರುವುದು ಮೇಲ್ಪದರದ ಸವೆದ ಕೋಶಗಳು, ಅವುಗಳ ಮೇಲೆಲ್ಲ ಬಾಯಿಯ ಬ್ಯಾಕ್ಟೀರಿಯಾ ಅಂಟಿರುತ್ತವೆ. ಬ್ಯಾಕ್ಟೀರಿಯಾವೂ ಮೈಟೊಕಾಂಡ್ರಿಯಾವೂ ಗಾತ್ರದಲ್ಲಿ ಒಂದೇ. ಎಷ್ಟೋ ರೆಕಾರ್ಡ್ ಪುಸ್ತಕಗಳಲ್ಲಿ ಮೈಟೊಕಾಂಡ್ರಿಯಾ ಎಂದು ಗುರುತು ಮಾಡಿರುವುದು ಬ್ಯಾಕ್ಟೀರಿಯಾವನ್ನೇ ಇರಬೇಕು. ಬಿಳಿ ಈರುಳ್ಳಿಯ ಒಳಪೊರೆ ಹೆಚ್ಚು ನಂಬಿಕಸ್ಥ.

ಬಣ್ಣ ಜೇನಸ್ ಗ್ರೀನ್ ಬಿ. 100 ಮಿ.ಗ್ರಾಂ ಪುಡಿಯನ್ನು 100 ಮಿ.ಲೀ. ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಇಟ್ಟುಕೊಳ್ಳಿ. ಬಳಸುವ ಹೊತ್ತಿಗೆ ಇದರ 1 ಮಿ.ಲೀ.ಗೆ 9 ಮಿ.ಲೀ. ನೀರು ಸೇರಿಸಿ, ಶೇ. 0.01 ಆಗುತ್ತದೆ. ನೋಡಲು ತೀರಾ ತೆಳು ಅನ್ನಿಸುತ್ತದೆ, ಆದರೂ ಗಟ್ಟಿ ಮಾಡಬೇಡಿ. ಈ ಬಣ್ಣ ವಿಷ; ಗಟ್ಟಿಯಾದರೆ ಕೋಶ ಸಾಯುತ್ತದೆ, ಸತ್ತ ಕೋಶದಲ್ಲಿ ಎಲ್ಲವೂ ಹಸಿರಾಗುತ್ತದೆ.

1. ಪೊರೆಯನ್ನು ವಾಚ್‌ಗ್ಲಾಸಿನಲ್ಲಿ ಬಣ್ಣದೊಳಗೆ ಹಾಕಿ 10ರಿಂದ 15 ನಿಮಿಷ ಬಿಡಿ. ಮುಚ್ಚಳ ಬೇಡ.
2. ಅದೇ ಬಣ್ಣದ ಹನಿಯಲ್ಲಿ ಸ್ಲೈಡ್ ಮಾಡಿ. ಅಂಚಿಗೆ ನೇಲ್ ಪಾಲಿಶ್ ಅಥವಾ ವ್ಯಾಸಲೀನ್ ಹಚ್ಚಬೇಡಿ.
3. 40 ಪಟ್ಟಿನಲ್ಲಿ ಕೋಶಕೇಂದ್ರ ಹುಡುಕಿ. ಅದರ ಸುತ್ತ, ಗೋಡೆಯ ಅಂಚಿನಲ್ಲಿ ಕೋಶದ್ರವ್ಯ ದಪ್ಪಗಿರುವ ಜಾಗ ಆರಿಸಿ.
4. ಒಂದು ಹನಿ ಇಮ್ಮರ್ಶನ್ ಎಣ್ಣೆ ಹಾಕಿ 100 ಪಟ್ಟಿನದನ್ನು ತಿರುಗಿಸಿ. ಇನ್ನು ಸಣ್ಣ ತಿರುಪು ಮಾತ್ರ ಮುಟ್ಟಬೇಕು.
5. ನೀಲಿ ಹಸಿರಿನ ಸಣ್ಣ ಕಡ್ಡಿ, ಚುಕ್ಕೆಗಳು ಹರಿಯುತ್ತಿದ್ದರೆ ಕೆಲಸ ಆಯಿತು.

ಬಣ್ಣ ಅಲ್ಲಿ ಮಾತ್ರ ಏಕೆ ನಿಲ್ಲುತ್ತದೆ ಎಂಬುದೇ ಈ ಪ್ರಯೋಗದ ತಿರುಳು. ಮೈಟೊಕಾಂಡ್ರಿಯಾದ ಒಳಪೊರೆಯಲ್ಲಿರುವ ಸೈಟೋಕ್ರೋಮ್ ಆಕ್ಸಿಡೇಸ್ ಕಿಣ್ವ ಬಣ್ಣವನ್ನು ಉತ್ಕರ್ಷಿತ ಸ್ಥಿತಿಯಲ್ಲಿ, ಅಂದರೆ ಹಸಿರಾಗಿ, ಉಳಿಸುತ್ತದೆ. ಕೋಶದ್ರವ್ಯದಲ್ಲಿ ಅದು ಅಪಕರ್ಷಣೆಗೊಂಡು ಬಣ್ಣ ಕಳೆದುಕೊಳ್ಳುತ್ತದೆ. ಈ ಕಿಣ್ವಕ್ಕೆ ಆಮ್ಲಜನಕ ಬೇಕು. ಅಂಚು ಮುಚ್ಚಬೇಡಿ ಎಂದದ್ದು ಅದಕ್ಕೇ: ಕವರ್‌ಸ್ಲಿಪ್ ಕೆಳಗೆ ಆಮ್ಲಜನಕ ಮುಗಿದರೆ ಹಸಿರು ಗುಲಾಬಿಗೆ ತಿರುಗಿ ಆಮೇಲೆ ಮಾಯವಾಗುತ್ತದೆ. ಇದನ್ನು ಕೆಟ್ಟ ಸ್ಲೈಡ್ ಎಂದು ಎಸೆಯುವ ಮೊದಲು ಒಮ್ಮೆ ಬರೆದಿಟ್ಟುಕೊಳ್ಳಿ. ಕಣದಂಗ ಉಸಿರಾಡುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಈ ಉಪಕರಣದಲ್ಲಿ ಸಿಗದು. ಲಿಯೊನರ್ ಮಿಖಾಯೆಲಿಸ್ 1900ರಲ್ಲಿ ಈ ಬಣ್ಣವನ್ನು ಮೈಟೊಕಾಂಡ್ರಿಯಾಗೆ ಬಳಸಿದ.

ಬಣ್ಣ ಹಿಡಿಯದೆ ಫಳಫಳ ಹೊಳೆಯುವ ಪರಿಪೂರ್ಣ ಗುಂಡುಗಳು ಕಂಡರೆ ಅವು ಎಣ್ಣೆಯ ಕಣಗಳು. ಮೈಟೊಕಾಂಡ್ರಿಯಾ ಹೊಳೆಯುವುದಿಲ್ಲ, ಸ್ವಲ್ಪ ಉದ್ದವಾಗಿ ಬಾಗುತ್ತಾ ಹೋಗುತ್ತವೆ. ಒಳಪೊರೆಯ ಮಡಿಕೆಗಳಾದ ಕ್ರಿಸ್ಟೆ ಮಾತ್ರ ಇಲ್ಲಿ ಕಾಣವು.

ಜೀರ್ಣಕ್ರಿಯೆ: ಪ್ಯಾರಮೀಸಿಯಂ ಒಳಗೆ

ಕೋಶದೊಳಗೆ ಜೀರ್ಣ ಮಾಡುವ ಕಿಣ್ವಗಳ ಚೀಲವಾದ ಲೈಸೋಸೋಮ್ ಒಂದನ್ನೇ ಬಿಡಿಯಾಗಿ ತೋರಿಸುವುದು ಕಷ್ಟ. ಅದು ಮಾಡುವ ಕೆಲಸವನ್ನು ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯಲ್ಲಿ ನೋಡುವುದು ಸುಲಭ. ಒಂದು ಹಿಡಿ ಒಣಹುಲ್ಲನ್ನು ಒಂದು ಲೀಟರ್ ನೀರಿನಲ್ಲಿ 10 ನಿಮಿಷ ಕುದಿಸಿ ಆರಿಸಿ. ಒಂದು ದಿನ ತೆರೆದಿಟ್ಟು, ಕೆರೆ ನೀರು 50 ಮಿ.ಲೀ. ಸೇರಿಸಿ. ಒಂದರಿಂದ ಎರಡು ವಾರದಲ್ಲಿ ಮೇಲೆ ಕೆನೆಯಂಥ ಪದರ ಬರುತ್ತದೆ, ವಾಸನೆಯೂ ಬರುತ್ತದೆ. ಪದರದ ಸ್ವಲ್ಪ ಕೆಳಗಿನಿಂದ ಡ್ರಾಪರ್‌ನಲ್ಲಿ ನೀರು ತೆಗೆಯಿರಿ.

ಆಹಾರಕ್ಕೆ 3 ಗ್ರಾಂ ಬೇಕರಿ ಯೀಸ್ಟ್, 30 ಮಿ.ಗ್ರಾಂ ಕಾಂಗೋ ರೆಡ್, 10 ಮಿ.ಲೀ. ನೀರು ಸೇರಿಸಿ ಸಣ್ಣ ಉರಿಯಲ್ಲಿ 10 ನಿಮಿಷ ಕುದಿಸಿ. ಕಾಂಗೋ ರೆಡ್ ಆರೋಗ್ಯಕ್ಕೆ ಒಳ್ಳೆಯದಲ್ಲ, ಕೈಗವಸು ಹಾಕಿ, ಅಡುಗೆ ಪಾತ್ರೆ ಬಳಸಬೇಡಿ. ಪ್ಯಾರಮೀಸಿಯಂ ಇರುವ ಹನಿಗೆ ಸೂಜಿಯ ತುದಿಯಷ್ಟು ಯೀಸ್ಟ್ ಮುಟ್ಟಿಸಿ, ಹತ್ತಿಯ ಕೆಲವು ಎಳೆ ಹರಡಿ ಅವುಗಳ ಓಟ ತಡೆಯಿರಿ.

ಕೆಲವೇ ನಿಮಿಷದಲ್ಲಿ ಕೆಂಪು ಯೀಸ್ಟ್ ತುಂಬಿದ ಆಹಾರ ರಸದಾನಿಗಳು ಒಳಗೆ ಕಾಣುತ್ತವೆ. ಕಾಂಗೋ ರೆಡ್ ಪಿಎಚ್ 5ರ ಮೇಲೆ ಕೆಂಪು, 3ರ ಕೆಳಗೆ ನೀಲಿ. ಸ್ವಲ್ಪ ಹೊತ್ತಿನಲ್ಲಿ ರಸದಾನಿ ನೇರಳೆ, ಆಮೇಲೆ ನೀಲಿಗೆ ತಿರುಗುತ್ತದೆ, ಅಂದರೆ ಒಳಗೆ ಆಮ್ಲ ಸೇರಿತು. ಪ್ಯಾರಮೀಸಿಯಂನಲ್ಲಿ ಮೊದಲು ಬಂದು ಬೆರೆತು ಆಮ್ಲೀಯಗೊಳಿಸುವುವು ಅಸಿಡೋಸೋಮ್ ಎಂಬ ಕಿರುಚೀಲಗಳು, ಕಿಣ್ವ ಹೊತ್ತ ಲೈಸೋಸೋಮ್‌ಗಳು ಅವುಗಳ ಹಿಂದೆ. ಮುಂದೆ ಬಣ್ಣ ಮತ್ತೆ ಕೆಂಪಿನ ಕಡೆ ಮರಳುತ್ತದೆ. ಯೀಸ್ಟ್ ಹೆಚ್ಚು ಹಾಕಿದರೆ ನೀರೆಲ್ಲ ಕೆಂಪಾಗಿ ಈ ಬದಲಾವಣೆ ಗೊತ್ತಾಗುವುದಿಲ್ಲ, ಎಲ್ಲರೂ ಎಡವುವುದು ಇಲ್ಲೇ.

ಅದೇ ಸ್ಲೈಡಿನಲ್ಲಿ ದೇಹದ ಎರಡು ತುದಿಗಳ ಬಳಿ ಒಳಬಂದ ನೀರನ್ನು ತುಂಬಿಕೊಂಡು ಹೊರಹಾಕುವ ಸಂಕೋಚನ ರಸದಾನಿಗಳನ್ನೂ ನೋಡಿ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಎರಡು ಸಂಕೋಚನಗಳ ನಡುವಿನ ಅವಧಿ ಬರೆಯಿರಿ. ಬೇರೆ ಹನಿಗೆ ತೀರಾ ತೆಳು ಉಪ್ಪುನೀರು ಸೇರಿಸಿದರೆ ಅವಧಿ ಹೆಚ್ಚುತ್ತದೆ, ಒಳಬರುವ ನೀರು ಕಡಿಮೆಯಾದ್ದರಿಂದ.

ಕ್ಯಾಟಲೇಸ್ ಕಿಣ್ವದ ಮನೆಯಾದ ಪೆರಾಕ್ಸಿಸೋಮ್ ಎಂಬ ಕಣದಂಗಕ್ಕೆ ಸೂಕ್ಷ್ಮದರ್ಶಕವೂ ಬೇಡ. ಹಸಿ ಆಲೂಗಡ್ಡೆ ತುಂಡಿನ ಮೇಲೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೊರೆ ಬರುತ್ತದೆ, ಬೆಂದ ತುಂಡಿನಲ್ಲಿ ಬರುವುದಿಲ್ಲ. ಅಂಗಡಿಯ ಸೀಸೆಯ ಮೇಲೆ ಶೇ. 6 ಎಂದಿದ್ದರೆ ಸಮ ಪ್ರಮಾಣ ನೀರು ಬೆರೆಸಿ. ನೊರೆ ತೋರಿಸುವುದು ಕ್ಯಾಟಲೇಸ್ ಕಿಣ್ವವನ್ನು, ಅದರ ಮನೆಯನ್ನಲ್ಲ. ಹಾಗೆಂದೇ ಬರೆಯಿರಿ.

ಕಾಣದವುಗಳನ್ನು ಏನು ಮಾಡುವುದು

ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಕೋಶದ್ರವ್ಯದಲ್ಲಿ ಹರಡಿದ ಪೊರೆಗಳ ಜಾಲ), ರೈಬೋಸೋಮ್, ಗಾಲ್ಗಿಯ ತಟ್ಟೆಗಳು ಈ ವಿಧಾನಗಳಿಗೆ ಸಿಗುವುದಿಲ್ಲ. ಕಮಿಲೋ ಗಾಲ್ಗಿ 1898ರಲ್ಲಿ ನರಕೋಶಕ್ಕೆ ಬೆಳ್ಳಿಯ ಲವಣ ಹಿಡಿಸಿ ಬಲೆಯಂಥದ್ದನ್ನು ಕಂಡಾಗ, ಅದು ಬಣ್ಣ ಹಿಡಿಸಿದ್ದರಿಂದಲೇ ಹುಟ್ಟಿದ ಭ್ರಮೆ ಎಂದವರು ಬಹಳ. ಆ ಜಗಳ ತೀರಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ. ಕ್ರಿಶ್ಚಿಯನ್ ಡಿ ಡ್ಯೂವ್ 1955ರಲ್ಲಿ ಲೈಸೋಸೋಮ್‌ಗೆ ಹೆಸರಿಟ್ಟದ್ದು ಇಲಿಯ ಯಕೃತ್ತಿನ ಕಿಣ್ವಗಳನ್ನು ಅಳೆದೇ ಹೊರತು ಮೊದಲು ನೋಡಿ ಅಲ್ಲ. ಆತ, ಆಲ್ಬರ್ಟ್ ಕ್ಲಾಡ್ ಮತ್ತು ಜಾರ್ಜ್ ಪಲಾಡೆ 1974ರ ನೊಬೆಲ್ ಹಂಚಿಕೊಂಡರು.

ಇವುಗಳಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುದ್ರಿತ ಚಿತ್ರ ಇಟ್ಟುಕೊಂಡು ಓದುವುದನ್ನು ಕಲಿಯಬೇಕು. ಮೊದಲು ಅಳತೆಯ ಗೆರೆ ನೋಡಿ. ಆಮೇಲೆ ಅದು ತೆಳು ಸೀಳು ಎಂದು ನೆನಪಿಡಿ: ಒಂದೇ ಮೈಟೊಕಾಂಡ್ರಿಯಾ ಅಡ್ಡ ಸೀಳಿದರೆ ಗುಂಡು, ಉದ್ದ ಸೀಳಿದರೆ ಕಡ್ಡಿ, ಪಕ್ಕಪಕ್ಕದ ಮೂರು ಗುಂಡುಗಳು ಒಂದೇ ಬಾಗಿದ ಕಡ್ಡಿಯ ತುಂಡುಗಳೂ ಆಗಿರಬಹುದು. ಮೇಲೆ ಚುಕ್ಕೆಗಳಿರುವ ಸಮಾಂತರ ಪೊರೆಗಳು ಒರಟು ರೆಟಿಕ್ಯುಲಮ್, ಚುಕ್ಕೆಗಳು ರೈಬೋಸೋಮ್. ಮೇದೋಜೀರಕ ಗ್ರಂಥಿಯ ಕೋಶದಲ್ಲಿ ಇವು ತುಂಬಿ ತುಳುಕುತ್ತವೆ, ಏಕೆಂದರೆ ಆ ಕೋಶ ದಿನವಿಡೀ ಹೊರಗೆ ಕಳಿಸಲು ಕಿಣ್ವ ತಯಾರಿಸುತ್ತದೆ. ಅಲ್ಲಿ ಕಟ್ಟಿದ ಪ್ರೋಟೀನು ಗಾಲ್ಗಿಯ ಒಂದು ಮುಖದಿಂದ ಒಳಹೊಕ್ಕು, ತಿದ್ದುಪಡಿಯಾಗಿ, ಇನ್ನೊಂದು ಮುಖದಿಂದ ಕಿರುಚೀಲಗಳಲ್ಲಿ ಹೊರಡುತ್ತದೆ. ಚುಕ್ಕೆಯಿಲ್ಲದ ನಯ ರೆಟಿಕ್ಯುಲಮ್ ಬೇಕಿದ್ದರೆ ಸ್ಟೀರಾಯ್ಡ್ ಹಾರ್ಮೋನ್ ತಯಾರಿಸುವ ಕೋಶಗಳ ಚಿತ್ರ ಹುಡುಕಿ.

ರೆಕಾರ್ಡ್ ಪುಸ್ತಕದಲ್ಲಿ

ಈರುಳ್ಳಿ ಸ್ಲೈಡಿನ ಚಿತ್ರದಲ್ಲಿ ಗಾಲ್ಗಿ ಬಿಡಿಸಬೇಡಿ. ಗೋಡೆ, ಕೋಶಕೇಂದ್ರ, ನ್ಯೂಕ್ಲಿಯೋಲಸ್, ಕೋಶದ್ರವ್ಯದ ಎಳೆಗಳು, ಇಷ್ಟೇ ಕಂಡಿದ್ದರೆ ಇಷ್ಟೇ. ಕೋಶಪೊರೆ ಮತ್ತು ಗೋಡೆ ಬೇರೆ ಬೇರೆಯಾಗಿ ಕಾಣುವುದು ಪ್ಲಾಸ್ಮಾಲಿಸಿಸ್ ಆದಾಗ ಮಾತ್ರ, ಆದ್ದರಿಂದ ಎರಡು ಗೆರೆ ಎಳೆಯುವುದೂ ಅಲ್ಲಿ ಮಾತ್ರ.

ಚಿತ್ರದ ಕೆಳಗೆ ‘400 ಪಟ್ಟು’ ಎಂದು ಬರೆಯುವ ಅಭ್ಯಾಸವನ್ನೂ ಬಿಡಿ. ಅದು ಸೂಕ್ಷ್ಮದರ್ಶಕದ ಸಂಖ್ಯೆ, ನಿಮ್ಮ ಚಿತ್ರದ್ದಲ್ಲ. 300 ಮೈಕ್ರೋಮೀಟರ್ ಉದ್ದದ ಕೋಶವನ್ನು ಕಾಗದದ ಮೇಲೆ 9 ಸೆಂ.ಮೀ. ಉದ್ದ ಬಿಡಿಸಿದ್ದರೆ, 9 ಸೆಂ.ಮೀ. ಅಂದರೆ 90,000 ಮೈಕ್ರೋಮೀಟರ್, ಭಾಗಿಸಿದರೆ ಚಿತ್ರ 300 ಪಟ್ಟು ದೊಡ್ಡದು. ಇದಕ್ಕಿಂತಲೂ ಒಳ್ಳೆಯದು ಚಿತ್ರದ ಮೂಲೆಯಲ್ಲಿ 3 ಸೆಂ.ಮೀ. ಗೆರೆ ಎಳೆದು ‘100 ಮೈಕ್ರೋಮೀಟರ್’ ಎಂದು ಬರೆಯುವುದು. ಪುಟವನ್ನು ಜೆರಾಕ್ಸ್‌ನಲ್ಲಿ ಚಿಕ್ಕದು ಮಾಡಿದರೂ ಮೊಬೈಲಿನಲ್ಲಿ ಹಿಗ್ಗಿಸಿದರೂ ಗೆರೆಯೂ ಅಷ್ಟೇ ಪಾಲು ಬದಲಾಗುವುದರಿಂದ ಅಳತೆ ಕೆಡುವುದಿಲ್ಲ.